ಪೆಲೆಟ್ ಗ್ಯಾಸ್ ಟೆಸ್ಟ್: ಮೊದಲ ರಿಪೋರ್ಟ್ ಕಸ, ಎರಡನೆಯದು ಪರವಾಗಿಲ್ಲ

ವಸಂತನರಸಾಪುರದ ಕಡೆ ಇರುವ ಒಂದು ಸಣ್ಣ ಲ್ಯಾಬ್‌ನಲ್ಲಿ ಹೋದ ತಿಂಗಳು ನಮ್ಮ ಪೆಲೆಟ್ ಟೆಸ್ಟ್ ಮಾಡಿಸಿದೆ. ಹೆಸರು ಬೇಡ ಬಿಡಿ. ಐದಕ್ಕೆ ಮೂರು ಕೊಡುತ್ತೇನೆ. ಚಿಕ್ಕನಾಯಕನಹಳ್ಳಿ ಕಡೆಯ ಕಬ್ಬಿಣದ ಅದಿರಿನ ಪುಡಿಗೆ ಕಲ್ಲಿದ್ದಲ ಪುಡಿ, ಅಂಟಿಗೆ ಅಂತ ಚೂರು ಬೆಂಟೊನೈಟ್ ಜೇಡಿಮಣ್ಣು ಸೇರಿಸಿ ಗೋಲಿ ಗಾತ್ರಕ್ಕೆ ಉಂಡೆ ಕಟ್ಟಿದ್ದೆವು. ಕಾಯಿಸಿದಾಗ ಯಾವ ಗ್ಯಾಸು ಯಾವಾಗ ಎಷ್ಟು ಬರುತ್ತದೆ ಅಂತ ಗೊತ್ತಾಗಬೇಕಿತ್ತು, ಅಷ್ಟೇ.

ಮೊದಲ ರಿಪೋರ್ಟ್ ನೋಡಿ ತಲೆ ಕೆಟ್ಟಿತು. ಕುಲುಮೆ ಇನ್ನೂ 100 ಡಿಗ್ರಿ ದಾಟಿಲ್ಲ, ಆಗಲೇ ರಾಶಿ ಕಾರ್ಬನ್ ಮಾನಾಕ್ಸೈಡ್! ಫೋನ್ ಮಾಡಿದರೆ "ಸಾರ್, ಮಿಷನ್ ತೋರಿಸಿದ್ದನ್ನೇ ಕೊಟ್ಟಿದ್ದೀವಿ" ಅಂದ ಹುಡುಗ. ಕುಲುಮೆಯೊಳಗೆ ಯಾವ ಗ್ಯಾಸ್ ಹರಿಸಿದಿರಿ ಅಂತ ಕೇಳಿದೆ. ನೈಟ್ರೋಜನ್ ಅಂತೆ. ಅಲ್ಲೇ ಎಡವಟ್ಟಾಗಿದ್ದು. ಅವರ ಮಾಸ್ ಸ್ಪೆಕ್ಟ್ರೋಮೀಟರ್ ಗ್ಯಾಸನ್ನು ಗುರುತಿಸುವುದು ಅಣುವಿನ ತೂಕ ನೋಡಿ. ನೈಟ್ರೋಜನ್ನೂ 28, ಕಾರ್ಬನ್ ಮಾನಾಕ್ಸೈಡೂ 28, ಸಾಧಾರಣ ಮಿಷನ್‌ಗೆ ಎರಡೂ ಒಂದೇ. ಇನ್‌ಫ್ರಾರೆಡ್ ಅನಲೈಸರ್‌ಗೆ ಈ ಗೊಂದಲ ಇಲ್ಲ, ಆದರೆ ಅದಕ್ಕೆ ಹೈಡ್ರೋಜನ್ ಕಾಣುವುದೇ ಇಲ್ಲ. ಆರ್ಗಾನ್ ಹಾಕಿ ಮತ್ತೆ ಮಾಡಿ ಅಂದೆ. ಮಾಡಿದರು, ಸಿಲಿಂಡರ್ ದುಡ್ಡು ಮಾತ್ರ ನಮ್ಮ ತಲೆಗೇ ಕಟ್ಟಿದರು.

ಈ ಸಲ ಸುಮ್ನೆ ಬಿಡಲಿಲ್ಲ, ಎದುರಿಗೇ ಕೂತೆ. ನಿಮಿಷಕ್ಕೆ 10 ಡಿಗ್ರಿಯಂತೆ 1000 ಡಿಗ್ರಿವರೆಗೆ, ಅಂದರೆ ಒಂದೂವರೆ ಗಂಟೆಗೂ ಜಾಸ್ತಿ. ಕ್ಯಾತ್ಸಂದ್ರದಲ್ಲಿ ಕಟ್ಟಿಸಿಕೊಂಡಿದ್ದ ತಟ್ಟೆ ಇಡ್ಲಿ ಅಲ್ಲೇ ಮುಗಿಯಿತು. ಕುಲುಮೆಗೂ ಮಿಷನ್‌ಗೂ ನಡುವೆ ಐಸಿನಲ್ಲಿ ಕೂರಿಸಿದ ಗಾಜಿನ ಬಾಟಲಿ, ಅದರಾಚೆ ಹತ್ತಿ ತುಂಬಿದ ಕೊಳವೆ. ಮೊದಲು ಬಾಟಲಿಯಲ್ಲಿ ನೀರಿನ ಹನಿ. 400 ದಾಟಿದ ಮೇಲೆ ಬಿಳಿ ಹತ್ತಿ ಟೀ ಬಣ್ಣಕ್ಕೆ ತಿರುಗಿತು, ಆಮೇಲೆ ಪೂರ್ತಿ ಕಪ್ಪು, ರಸ್ತೆಗೆ ಡಾಂಬರು ಹಾಕುವಾಗ ಬರುತ್ತದಲ್ಲ, ಅದೇ ವಾಸನೆ. ಈ ಹತ್ತಿ ಇಲ್ಲದಿದ್ದರೆ ಕಲ್ಲಿದ್ದಲಿನಿಂದ ಬರುವ ಟಾರು ಮಿಷನ್ ಪೈಪಿಗೇ ಮೆತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಮೀಥೇನ್, ಅದರ ಹಿಂದೆ ಹೈಡ್ರೋಜನ್. 900ರ ಮೇಲೆ ಕಾರ್ಬನ್ ಮಾನಾಕ್ಸೈಡಿನ ಗೆರೆ ನೆಟ್ಟಗೆ ಏರಿತು, ಏಕೆಂದರೆ ಅದಿರು ಬಿಟ್ಟ ಕಾರ್ಬನ್ ಡೈಆಕ್ಸೈಡ್ ಉಳಿದ ಇದ್ದಿಲನ್ನು ತಿಂದು ಒಂದಕ್ಕೆ ಎರಡು ಮಾನಾಕ್ಸೈಡ್ ಆಗುತ್ತದೆ. ನಮಗೆ ಬೇಕಾಗಿದ್ದೇ ಈ ಗೆರೆ.

ಕೊನೆಗೆ ಆ ಹುಡುಗ ಪೆಲೆಟ್ ಕಳೆದುಕೊಂಡ ತೂಕವನ್ನು ಗ್ಯಾಸು, ನೀರು, ಟಾರು ಮೂರರ ಲೆಕ್ಕದ ಜೊತೆ ತಾಳೆ ನೋಡಿದ. ನಾನು ಹೇಳದೆಯೇ. ಮೂರನೇ ಸ್ಟಾರ್ ಅವನಿಗೇ.

ಇನ್ನೊಂದು ಮಾತು. ಹೊಗೆ ಪೈಪ್ ಕಿಟಕಿಯಾಚೆ ಬಿಟ್ಟಿದ್ದಾರೆ, ಡ್ರೈವರ್‌ಗಳು ಕೂರುವುದು ಅದೇ ಕಿಟಕಿ ಕೆಳಗೆ. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅಲ್ವಾ? ಒಂದು ಅಲಾರಂ ಕೂಡ ಇರಲಿಲ್ಲ. ಹಾಕಿಸುತ್ತೇವೆ ಅಂದಿದ್ದಾರೆ, ಯಾರಾದರೂ ಹೋದರೆ ನೋಡಿ ಹೇಳಿ.