ಲೋಬ್ 186: ಅಪಿಯಾನನಿಗೆ ಜೋಸೆಫಸ್ ಕೊಟ್ಟ ಉತ್ತರ ಓದಲು ಯಾವ ಪ್ರತಿ ಒಳ್ಳೆಯದು?

ಯೆಹೂದಿಗಳ ಮೇಲೆ ಗ್ರೀಕರೂ ಈಜಿಪ್ಟಿನವರೂ ಹೊರಿಸಿದ ಆರೋಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದ ಪ್ರಾಚೀನ ಕೃತಿ, ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನ ‘ಅಪಿಯಾನನ ವಿರುದ್ಧ’. ಅಪಿಯಾನ್ ಯೆಹೂದಿಗಳನ್ನು ಹಳಿದ ಅಲೆಕ್ಸಾಂಡ್ರಿಯದ ವಿದ್ವಾಂಸ. ಕ್ರಿ.ಶ. 93-94ರ ನಂತರ, ರೋಮಿನಲ್ಲಿ, ಗ್ರೀಕಿನಲ್ಲಿ ಬರೆದದ್ದು. ಪ್ರಾಚೀನ ಗ್ರೀಕ್, ಲ್ಯಾಟಿನ್ ಕೃತಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ತರುವ ಲೋಬ್ ಮಾಲೆಯ 186ನೇ ಸಂಪುಟದಲ್ಲಿ ಥ್ಯಾಕರಿಯ 1926ರ ಅನುವಾದ ಇದೆ: ಹಸಿರು ರಟ್ಟು, ಎಡಪುಟದಲ್ಲಿ ಗ್ರೀಕ್, ಬಲಪುಟದಲ್ಲಿ ಇಂಗ್ಲಿಷ್. ಸಂಪುಟದ ಮೊದಲ ಭಾಗ ಜೋಸೆಫಸನ ಆತ್ಮಕಥೆ. ವಾದವಷ್ಟೇ ಬೇಕಾದವರು ಅದನ್ನು ದಾಟಬಹುದು.

ಒಂದನೇ ಪುಸ್ತಕದ ಮೊದಲ ಮೂರನೇ ಎರಡು ಭಾಗ ನಿಧಾನ. ಯೆಹೂದಿಗಳು ಎಷ್ಟು ಹಳಬರು ಎಂಬುದಕ್ಕೆ ಸಾಕ್ಷಿಗಳ ಮೇಲೆ ಸಾಕ್ಷಿ. ನೇರ 1.223ಕ್ಕೆ (ಒಂದನೇ ಪುಸ್ತಕದ 223ನೇ ಸಣ್ಣ ವಿಭಾಗ) ಹೋಗಿ, ಅಲ್ಲಿಂದ ಜಗಳ ಶುರು. ರೋಗಿಷ್ಟರನ್ನು ಈಜಿಪ್ಟಿನಿಂದ ಹೊರಹಾಕಿದರು, ಯೆಹೂದಿಗಳು ಅವರೇ ಎಂಬುದು ಆರೋಪ. ಅವರು ಎಷ್ಟು ಜನ? ಈಜಿಪ್ಟಿನ ಪುರೋಹಿತ-ಇತಿಹಾಸಕಾರ ಮನೆಥೊ 80,000 ಎನ್ನುತ್ತಾನೆ, ಈಜಿಪ್ಟಿನ ಇನ್ನೊಬ್ಬ ಲೇಖಕ ಖೈರೆಮಾನ್ 2,50,000. ಮನೆಥೊನ ರಾಜ ಅಮೆನೋಫಿಸ್, ಮತ್ತೊಬ್ಬ ಲೇಖಕ ಲಿಸಿಮಾಕಸನ ರಾಜ ಬೊಕ್ಕೋರಿಸ್. ಜೋಸೆಫಸ್ ಹೊಸ ಸಾಕ್ಷಿ ತರುವುದಕ್ಕಿಂತ ಇವರನ್ನು ಎದುರುಬದುರು ನಿಲ್ಲಿಸುವುದೇ ಹೆಚ್ಚು. ಅದೇ ಅವನ ಗಟ್ಟಿ ಪಟ್ಟು.

ಎರಡನೇ ಪುಸ್ತಕ ಇನ್ನೂ ಚುರುಕು. ಈಜಿಪ್ಟಿನಿಂದ ಹೊರಟ ಯೆಹೂದಿಗಳು ಆರು ದಿನ ನಡೆದು ತೊಡೆಸಂದಿಯಲ್ಲಿ ಗಡ್ಡೆಯೆದ್ದಿದ್ದರಿಂದ ಏಳನೇ ದಿನ ಜುದೇಯ ಸೇರಿ ವಿಶ್ರಾಂತಿ ಪಡೆದರು, ಸಬ್ಬತ್ ಎಂಬ ವಾರದ ಬಿಡುವಿನ ದಿನ ಹಾಗೆ ಬಂತು ಅನ್ನುತ್ತಾನೆ ಅಪಿಯಾನ್. ಅವನೇ ಮತ್ತೆ, ಅವರ ನಾಯಕ ಮೋಶೆ ದಾರಿಯ ಸೀನಾಯ್ ಬೆಟ್ಟದಲ್ಲಿ ನಲವತ್ತು ದಿನ ಇದ್ದ ಎಂದೂ ಬರೆದಿದ್ದಾನೆ. ಲೆಕ್ಕ ಕೂಡುವುದಿಲ್ಲವಲ್ಲ, ಎಂದು 2.25ರಲ್ಲಿ ಜೋಸೆಫಸ್ ಹಿಡಿದುಹಾಕುತ್ತಾನೆ.

ಇಲ್ಲೊಂದು ತೊಡಕು. 2.52ರಿಂದ 2.113ರವರೆಗೆ ಗ್ರೀಕ್ ಮೂಲವೇ ಕಳೆದುಹೋಗಿದೆ. ಆರನೇ ಶತಮಾನದ ರೋಮನ್ ವಿದ್ವಾಂಸ ಕಾಸಿಯೊಡೋರಸ್ ಮಾಡಿಸಿದ ಲ್ಯಾಟಿನ್ ಅನುವಾದವೇ ಗತಿ, ಎಡಪುಟದಲ್ಲಿ ಲೋಬ್ ಅದನ್ನೇ ಕೊಡುತ್ತದೆ. ಅತಿ ಕುಖ್ಯಾತ ಆರೋಪಗಳೆರಡೂ ಈ ಜಾಗದಲ್ಲೇ ಇವೆ: ದೇವಾಲಯದಲ್ಲಿ ಕತ್ತೆಯ ತಲೆಗೆ ಪೂಜೆ, ಪ್ರತಿವರ್ಷ ಒಬ್ಬ ಗ್ರೀಕನನ್ನು ಕೂಡಿಹಾಕಿ, ಕೊಬ್ಬಿಸಿ, ಕೊಂದು, ಕರುಳಿನ ರುಚಿ ನೋಡುವುದು. ಅಷ್ಟು ಸಾವಿರ ಜನಕ್ಕೆ ಒಬ್ಬನ ಕರುಳು ಸಾಕಾಯಿತೇ? ಆ ಬಂದಿಯನ್ನು ಕಣ್ಣಾರೆ ಕಂಡ ಸಿರಿಯಾದ ರಾಜ ಅಂತಿಯೋಕಸ್ ಅವನನ್ನು ಮೆರವಣಿಗೆಯಲ್ಲಿ ಊರಿಗೆ ಯಾಕೆ ಕಳಿಸಲಿಲ್ಲ? ಹೀಗೆ ಪ್ರಶ್ನೆ ಕೇಳಿ, ಜೋಸೆಫಸ್ ಹೊರಗಿನವರು ಎಲ್ಲಿಯವರೆಗೆ ಬರಬಹುದಿತ್ತು ಎಂದು ದೇವಾಲಯದ ನಾಲ್ಕು ಪ್ರಾಕಾರಗಳ ನಿಯಮ ಬಿಡಿಸಿಡುತ್ತಾನೆ. ಪದಪದ ಹಿಡಿದು ಉಲ್ಲೇಖಿಸುವವರು ಇಲ್ಲಿ ಹುಷಾರಾಗಿರಬೇಕು; ಇವು ಜೋಸೆಫಸನ ಮೂಲ ಪದಗಳಲ್ಲ.

ಎಲ್ಲ ಉತ್ತರವೂ ಒಂದೇ ತೂಕದ್ದಲ್ಲ. ಸುನ್ನತಿಯನ್ನು ಹಂಗಿಸಿದ ಅಪಿಯಾನ್ ಹುಣ್ಣಾಗಿ ತಾನೇ ಸುನ್ನತಿ ಮಾಡಿಸಿಕೊಂಡು, ಕೊಳೆತು ಸತ್ತ ಎಂಬುದು (2.143) ವಾದವಲ್ಲ, ಬೈಗುಳ. ಈಜಿಪ್ಟಿನವನೆಂದು ಅವನನ್ನು ಹೀಯಾಳಿಸುವುದೂ ಅಷ್ಟೇ. ಕೊನೆಯ ಭಾಗದಲ್ಲಿ ಮೋಶೆಯ ನಿಯಮಗಳನ್ನು ಹೊಗಳುವಾಗ ಚೆನ್ನಾಗಿ ಕಾಣುವುದನ್ನಷ್ಟೇ ಆರಿಸಿಕೊಳ್ಳುತ್ತಾನೆ.

ವಿಸ್ಟನ್‌ನ 1737ರ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ. ಆದರೆ ಅದರ ಹಳೆಯ ಮುದ್ರಣಗಳಲ್ಲಿ ಜರ್ಮನ್ ಸಂಪಾದಕ ನೀಸ್ ಕೊಟ್ಟ ಸಣ್ಣ ವಿಭಾಗಗಳ ಸಂಖ್ಯೆ ಇಲ್ಲ, 2.89 ಹುಡುಕಿದರೆ ಸಿಗದು, ಎರಡನೇ ಪುಸ್ತಕದ 8ನೇ ದೊಡ್ಡ ವಿಭಾಗ ತೆರೆಯಬೇಕು. ಲೋಬ್‌ನಲ್ಲಿ ಆ ಸಂಖ್ಯೆ ಅಂಚಿನಲ್ಲೇ ಇದೆ. ಥ್ಯಾಕರಿಯ ಇಂಗ್ಲಿಷ್ ಗಡುಸು, ಅಡಿಟಿಪ್ಪಣಿ ಚುಟುಕು. ಒಂದೊಂದು ಆರೋಪದ ಹಿನ್ನೆಲೆ ವಿವರವಾಗಿ ಬೇಕಾದರೆ ಜಾನ್ ಬಾರ್ಕ್ಲೇಯ 2007ರ ಅನುವಾದ-ವ್ಯಾಖ್ಯಾನವನ್ನು ಗ್ರಂಥಾಲಯದಲ್ಲಿ ನೋಡಿ. ಮನೆಯಲ್ಲಿಟ್ಟುಕೊಳ್ಳಲು ಲೋಬ್ ಸಾಕು.