ಔಟ್‌ಬೋರ್ಡ್ ಮೋಟರ್ ಓವರ್‌ಫ್ಲೋ ಆಗುತ್ತಿದ್ದರೆ ಹಗ್ಗ ಎಳೆಯಬೇಡಿ

ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರ್ ಸ್ಟಾರ್ಟ್ ಆಗುತ್ತಿಲ್ಲ, ಕವರ್ ತೆಗೆದು ನೋಡಿದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್‌ನ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ. ಆಗ ಬಹುತೇಕರು ಮಾಡುವುದು ಎರಡೇ ಕೆಲಸ: ಪೆಟ್ರೋಲ್ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಇನ್ನಷ್ಟು ಹಿಂಡುವುದು, ಸ್ಟಾರ್ಟ್ ಮಾಡುವ ಹಗ್ಗವನ್ನು ಇನ್ನಷ್ಟು ಜೋರಾಗಿ ಎಳೆಯುವುದು. ಎರಡೂ ಮಾಡಬಾರದ್ದು. ಒಂದೇ ಸಿಲಿಂಡರಿನ ಫೋರ್‌ಸ್ಟ್ರೋಕ್ ಮೋಟರ್ ಒಂದು ಹೀಗೇ ಹಾಳಾಯಿತು, ಅದೂ ಕಾರ್ಬುರೇಟರ್ "ರಿಪೇರಿ" ಆದ ಮೇಲೆ.

ಓವರ್‌ಫ್ಲೋ ಆಗುತ್ತಿದ್ದ ಆ ಮೋಟರ್‌ಗೆ ಹೊಸ ನೀಡಲ್ (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಮೊನೆ), ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಲಾಯಿತು. ಕಾರ್ಬುರೇಟರ್ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲ್‌ನ ತಳದಲ್ಲಿದ್ದ ಕಪ್ಪು ಚೂರುಗಳನ್ನು ಬಟ್ಟೆಯಲ್ಲಿ ಒರೆಸಿ ಎಸೆದರು, ಅವು ಎಲ್ಲಿಂದ ಬಂದವು ಎಂದು ಯಾರೂ ಕೇಳಲಿಲ್ಲ. ಬಂದದ್ದು ಹಳೇ ಪೆಟ್ರೋಲ್ ಪೈಪಿನ ಒಳಪದರದಿಂದ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಉಬ್ಬಿಸಿ ಸಿಪ್ಪೆ ಏಳಿಸುತ್ತದೆ. ಕೆಲವು ದಿನ ಮೋಟರ್ ಚೆನ್ನಾಗಿಯೇ ಓಡಿತು. ಆಮೇಲೆ ಇನ್ನೊಂದು ಚೂರು ಹೊಸ ನೀಡಲ್ ಅಡಿ ಸಿಕ್ಕಿಕೊಂಡಿತು. ಟ್ಯಾಂಕ್ ಬಿಸಿಲಲ್ಲಿತ್ತು, ಮುಚ್ಚಳದ ಗಾಳಿ ತಿರುಪು ಮುಚ್ಚಿತ್ತು, ಪೈಪ್ ಮೋಟರ್‌ಗೆ ಹಾಗೇ ಸೇರಿಸಿಟ್ಟಿತ್ತು. ಬಿಸಿಯಾದ ಟ್ಯಾಂಕ್ ಒಳಗೆ ಒತ್ತಡ ಕಟ್ಟಿ ಪೆಟ್ರೋಲನ್ನು ತಾನಾಗಿಯೇ ತಳ್ಳಿತು. ಇಂಜಿನ್ ನಿಂತಿದ್ದುದು ಇಂಟೇಕ್ ವಾಲ್ವ್ ತೆರೆದ ಸ್ಥಿತಿಯಲ್ಲಿ. ಬೌಲ್ ತುಂಬಿ ಉಕ್ಕಿದ ಪೆಟ್ರೋಲ್ ಸಿಲಿಂಡರಿಗೆ ಇಳಿಯಿತು, ಅಲ್ಲಿಂದ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಜಾರಿ ಆಯಿಲ್‌ಗೂ ಸೇರಿತು. ಹಗ್ಗ ಅರ್ಧಕ್ಕೆ ಬಂದು ಗಕ್ಕನೆ ನಿಂತಾಗ, ಬಿಗಿಯಾಗಿದೆ ಎಂದುಕೊಂಡು ಬಲ ಹಾಕಿ ಎಳೆದರು. ದ್ರವ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿತು. ಒಂದು ಪೈಪ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಇಂಜಿನ್ ಪೂರ್ತಿ ಬಿಚ್ಚುವಲ್ಲಿಗೆ ಬಂತು.

ಹಾಗಾಗಿ ಮೊದಲು ಮೋಟರ್ ಕಡೆಯ ಪೈಪ್ ಕನೆಕ್ಟರ್ ಬಿಚ್ಚಿ, ಕಿಲ್ ಸ್ವಿಚ್‌ನ ದಾರ ಎಳೆದಿಡಿ. ಬ್ಯಾಟರಿ ಇದ್ದರೆ ಅದರ ಟರ್ಮಿನಲ್ ಅನ್ನು ಆವಿ ಇರುವಾಗ ಮುಟ್ಟಬೇಡಿ, ಅಲ್ಲೇ ಕಿಡಿ ಹಾರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಕವರ್ ತೆಗೆದು ಗಾಳಿಯಾಡಲು ಬಿಡಿ. ಮೋಟರನ್ನು ದಡಕ್ಕೆ ತಂದು ಬಯಲಿನಲ್ಲೇ ಬಿಚ್ಚಿ. ನೀರಿನ ಮೇಲೆ ಬಿಚ್ಚಿದರೆ ಫ್ಲೋಟ್ ಪಿನ್‌ನಂಥ ಸಣ್ಣ ಭಾಗ ನೀರುಪಾಲಾಗುವುದು ಗ್ಯಾರಂಟಿ. ಸ್ಪಾರ್ಕ್ ಪ್ಲಗ್ ತೆಗೆದು ಅದರ ವೈರನ್ನು ಪ್ಲಗ್ ತೂತಿನಿಂದ ದೂರ ಇಂಜಿನ್ ಲೋಹಕ್ಕೆ ಅರ್ಥ್ ಮಾಡಿ, ತೂತಿನ ಮೇಲೆ ಬಟ್ಟೆ ಹಿಡಿದು ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಒಳಗಿನ ಪೆಟ್ರೋಲ್ ಚಿಮ್ಮಿ ಹೊರಬರುತ್ತದೆ, ಮುಖ ಆಚೆ ಇರಲಿ. ಫೋರ್‌ಸ್ಟ್ರೋಕ್ ಆದರೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮೇಲಿನ ಗುರುತು ದಾಟಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಅದನ್ನು ಬದಲಿಸುವವರೆಗೆ ಇಂಜಿನ್ ಓಡಿಸಲೇಬೇಡಿ. ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ.

ಕಾರ್ಬುರೇಟರ್ ಬಿಚ್ಚುವ ಮುಂಚೆ ತಪ್ಪು ಅದರದ್ದೇ ಹೌದೋ ಎಂದು ಖಚಿತ ಮಾಡಿಕೊಳ್ಳಿ. ಇಂಜಿನ್ ನಿಲ್ಲಿಸಿ, ಪೈಪ್ ಸೇರಿಸಿ, ಬಲ್ಬನ್ನು ಗಟ್ಟಿಯಾಗುವವರೆಗೆ ಮಾತ್ರ ಹಿಂಡಿ. ಬಲ್ಬ್ ಮೆಲ್ಲಗೆ ಮೆತ್ತಗಾಗುತ್ತ ಕಾರ್ಬುರೇಟರ್ ಬಾಯಲ್ಲಿ ಪೆಟ್ರೋಲ್ ಕಂಡರೆ ನೀಡಲ್ ಮುಚ್ಚುತ್ತಿಲ್ಲ ಎಂದೇ ಅರ್ಥ. ಬಲ್ಬ್ ಗಟ್ಟಿಯಾಗಿಯೇ ಇದ್ದು, ಓಡುವಾಗ ಮಾತ್ರ ಪ್ಲಗ್ ಒದ್ದೆಯಾಗಿ ಕಪ್ಪಾಗುತ್ತಿದ್ದರೆ ಚೋಕ್ ಪೂರ್ತಿ ತೆರೆಯುತ್ತಿದೆಯೇ ನೋಡಿ. ಟೂಸ್ಟ್ರೋಕ್‌ನಲ್ಲಿ ಪೆಟ್ರೋಲ್ ಪಂಪಿನ ಡಯಾಫ್ರಮ್ (ತೆಳು ಪೊರೆ) ಹರಿದಿದ್ದರೂ ಹೀಗೇ ಆಗುತ್ತದೆ: ಕ್ರ್ಯಾಂಕ್‌ಕೇಸ್‌ನ ಒತ್ತಡ ಬರುವ ದಾರಿಯಲ್ಲೇ ಪೆಟ್ರೋಲ್ ಇಂಜಿನ್‌ಗೆ ನುಗ್ಗುತ್ತದೆ. ಆಗ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ತಟ್ಟಿದರೆ ಸೋರುವುದು ನಿಲ್ಲುತ್ತದೆ ಎನ್ನುವವರಿದ್ದಾರೆ. ನಿಲ್ಲಬಹುದು, ಅಂಟಿದ್ದ ನೀಡಲ್ ಬಿಟ್ಟುಕೊಳ್ಳುತ್ತದೆ. ದಡ ಸೇರಲು ಅಷ್ಟು ಸಾಕು, ರಿಪೇರಿ ಅಂತ ಕರೆಯಬೇಡಿ.

ಬೌಲ್‌ನ ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿಯಿರಿ. ಒಂದು ನಿಮಿಷ ಬಿಟ್ಟು ಬೆಳಕಿಗೆ ಹಿಡಿದರೆ ಕಥೆ ಪೂರ್ತಿ ಅಲ್ಲೇ ಕಾಣುತ್ತದೆ. ತಳದಲ್ಲಿ ಉರುಳಾಡುವ ಗುಂಡಗಿನ ಹನಿ ನೀರು, ಕಪ್ಪು ಚೂರು ಪೈಪಿನದ್ದು, ಕಂದು ಅಂಟು ಹಳೇ ಪೆಟ್ರೋಲಿನದ್ದು. ಲಿಂಕ್‌ಗಳ ಫೋಟೋ ತೆಗೆದುಕೊಂಡು ಕಾರ್ಬುರೇಟರ್ ಬಿಚ್ಚಿ, ಟ್ರೇ ಮೇಲೆ ತಲೆಕೆಳಗಾಗಿಟ್ಟು ಬೌಲ್ ತೆಗೆಯಿರಿ.

ಫ್ಲೋಟ್ ಮಾಡುವ ಕೆಲಸ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವ ಕೆಲಸವೇ: ಪೆಟ್ರೋಲ್ ಏರಿದಂತೆ ಮೇಲೆದ್ದು ನೀಡಲನ್ನು ಅದು ಕೂತು ಮುಚ್ಚುವ ಸೀಟಿಗೆ ಒತ್ತುತ್ತದೆ. ಪಿನ್ ಜಾರಿಸಿದರೆ ಫ್ಲೋಟ್, ಅದರ ಜೊತೆ ನೀಡಲ್ ಬರುತ್ತವೆ. ನೀಡಲ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಉಗುರಿನ ತುದಿಯಲ್ಲಿ ಸವರಿ. ಸುತ್ತ ಉಂಗುರದಂಥ ಗೆರೆ ತಾಗಿದರೆ ಅದು ಸವೆದಿದೆ, ಬದಲಿಸಿ. ಹೊಸದನ್ನು ಹಾಕುವ ಮುಂಚೆ ಹಳೆಯದರ ಪಕ್ಕದಲ್ಲಿಟ್ಟು ಉದ್ದ, ತುದಿಯ ಕೋನ ಹೋಲಿಸಿ. ಅಗ್ಗದ ಕಿಟ್‌ಗಳು ಕೈಕೊಡುವುದು ಇಲ್ಲೇ, ಉದ್ದ ತುಸು ಬೇರೆಯಾದರೂ ಫ್ಲೋಟ್ ಎತ್ತರ ಕೆಡುತ್ತದೆ. ಸೀಟನ್ನು ಬೆರಳಿಗಿಂತ ಗಟ್ಟಿಯಾದ ಯಾವುದರಿಂದಲೂ ಕೆರೆಯಬೇಡಿ, ಹತ್ತಿ ಸುತ್ತಿದ ಕಡ್ಡಿ ಸಾಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಟೊಳ್ಳು ಫ್ಲೋಟನ್ನು ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಕಡೆ ಬಿರುಕು ಇರುತ್ತದೆ. ಭಾರವಾದ ಫ್ಲೋಟ್ ತಡವಾಗಿ ಮೇಲೇಳುತ್ತದೆ, ನೀಡಲ್ ಹೊಸದಾದರೂ ಉಕ್ಕುತ್ತದೆ.

ಕಾರ್ಬುರೇಟರ್ ಬಾಡಿಯಿಂದ ಫ್ಲೋಟ್‌ವರೆಗಿನ ಎತ್ತರ ಅಳೆಯುವಾಗ ಗ್ಯಾಸ್ಕೆಟ್ ತೆಗೆದಿರಲಿ. ಫ್ಲೋಟಿನ ನಾಲಿಗೆ ನೀಡಲ್ಲಿನ ಸ್ಪ್ರಿಂಗ್ ಮೊಳೆಯನ್ನು ಮುಟ್ಟಬೇಕು, ಆದರೆ ಒತ್ತಬಾರದು. ಫ್ಲೋಟನ್ನು ಬೆರಳಲ್ಲಿ ಒತ್ತಿ ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಅಂಕಿ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನದ್ದೇ ಆಗಿರಲಿ. ತಲೆಕೆಳಗಾಗಿಟ್ಟಾಗ ಫ್ಲೋಟ್ ಕಾರ್ಬುರೇಟರ್ ಬಾಡಿಗೆ ಬೇಕಾದ್ದಕ್ಕಿಂತ ಹತ್ತಿರ ಬಿದ್ದಿದ್ದರೆ ನೀಡಲ್ ತಡವಾಗಿ ಮುಚ್ಚುತ್ತದೆ, ಪೆಟ್ರೋಲ್ ಮಟ್ಟ ಏರುತ್ತದೆ. ಲೋಹದ ನಾಲಿಗೆಯನ್ನು ಕೂದಲೆಳೆಯಷ್ಟೇ ಬಗ್ಗಿಸಿ, ಸನ್ನೆಯಾದ್ದರಿಂದ ಇನ್ನೊಂದು ತುದಿಯಲ್ಲಿ ಅದು ದೊಡ್ಡ ಬದಲಾವಣೆ. ನಾಲಿಗೆ ಪ್ಲಾಸ್ಟಿಕ್‌ನದ್ದಾದರೆ ಬಗ್ಗಿಸಬೇಡಿ, ಫ್ಲೋಟನ್ನೇ ಬದಲಿಸಿ. ನೀಡಲ್‌ಗೆ ತಂತಿಯ ಕ್ಲಿಪ್ ಇದ್ದರೆ ಅದು ನಾಲಿಗೆಗೆ ಸಿಕ್ಕಿಕೊಂಡಿದೆಯೇ ಎಂದು ಮುಚ್ಚುವ ಮುಂಚೆ ಇನ್ನೊಮ್ಮೆ ನೋಡಿ.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗೆ ಉಕ್ಕಿನ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಇಂಜಿನ್ ಮುಂದೆ ಸದಾ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ನೈಲಾನ್ ಎಳೆ ಬಳಸಿ. ಕ್ಲೀನರ್ ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಭಾಗಗಳೆಲ್ಲ ಹೊರಗಿರಲಿ. ಬೌಲ್ ಗ್ಯಾಸ್ಕೆಟ್‌ಗೆ ಸಿಲಿಕೋನ್ ಹಚ್ಚುವವರನ್ನು ಕಂಡರೆ ಕೈ ಹಿಡಿದು ತಡೆಯಿರಿ. ಪೆಟ್ರೋಲಿಗೆ ಅದು ಉಬ್ಬಿ, ಕಿತ್ತು, ಜೆಟ್‌ಗೆ ಹೋಗಿ ಕೂರುತ್ತದೆ. ಐಡಲ್ ಸ್ಕ್ರೂ ತಿರುಗಿಸಿ ಓವರ್‌ಫ್ಲೋ ನಿಲ್ಲಿಸಲು ಹೋಗಬೇಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೋಟರ್‌ಗೆ ಕೂರಿಸುವ ಮುಂಚೆಯೇ ಪರೀಕ್ಷೆ ಆಗಲಿ. ಕಾರ್ಬುರೇಟರನ್ನು ನೇರವಾಗಿ ಹಿಡಿದು, ಪೈಪ್ ಸೇರಿಸಿ ಬಲ್ಬ್ ಗಟ್ಟಿ ಮಾಡಿ ಹತ್ತು ನಿಮಿಷ ಕಾಯಿರಿ, ಹನಿ ಬರಬಾರದು. ಕಂಪ್ರೆಸರ್ ಗಾಳಿ ಬಿಟ್ಟು ನೋಡಬೇಡಿ, ಫ್ಲೋಟ್ ಹಾಳಾಗುತ್ತದೆ. ಜೊತೆಗೆ ಪೈಪಿನ ತುದಿ ಒಂದಿಂಚು ಕತ್ತರಿಸಿ ಸೀಳಿ ನೋಡಿ. ಒಳಗೆ ಸಿಪ್ಪೆ ಎದ್ದಿದ್ದರೆ ಪೈಪ್, ಬಲ್ಬ್ ಎರಡೂ ಹೊಸದಾಗಲಿ, ನಡುವೆ ಒಂದು ಫಿಲ್ಟರ್ ಇರಲಿ. ಮೋಟರ್ ಓಡಿಸಿ ನೋಡುವುದಿದ್ದರೆ ನೀರು ತುಂಬಿದ ಡ್ರಮ್‌ನಲ್ಲೇ, ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ಇಂಪೆಲ್ಲರ್ ಸುಡುತ್ತದೆ. ಕೆಲಸ ಮುಗಿದ ಮೇಲೆ ಪೈಪ್ ಕನೆಕ್ಟರ್ ಬಿಚ್ಚಿಡಿ, ಟ್ಯಾಂಕ್ ನೆರಳಲ್ಲಿರಲಿ.

ಇಷ್ಟಾದ ಮೇಲೂ ಹನಿ ಬಂದರೆ ಹೆಚ್ಚಾಗಿ ತಪ್ಪು ಸೀಟಿನದ್ದು. ತಿರುಪಿನ ಸೀಟಾದರೆ ಅದರಡಿಯ ವಾಷರ್ ಸಮೇತ ಬದಲಿಸಬಹುದು. ಕಾರ್ಬುರೇಟರ್ ಬಾಡಿಗೇ ಒತ್ತಿ ಕೂರಿಸಿದ ಸೀಟ್ ಸವೆದಿದ್ದರೆ ಅದನ್ನು ಕೀಳಲು ಹೋಗದೆ ಬೇರೆ ಕಾರ್ಬುರೇಟರ್ ತನ್ನಿ.