ತಾಳಮದ್ದಳೆಯ ಕ್ಯಾಸೆಟ್ಟಿಗೆ ಯಾವ ಪವರ್ ಸಪ್ಲೈ?

ಹಳೆಯ ತಾಳಮದ್ದಳೆ (ವೇಷವಿಲ್ಲದೆ, ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನ) ಕ್ಯಾಸೆಟ್ಟುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಪವರ್ ಸಪ್ಲೈಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಪ್ಲೇಯರಿಗೆ ಬೇಕಾದ 12 ವೋಲ್ಟನ್ನು ಅಗ್ಗದ ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲು ವೇಗದ ಸ್ವಿಚಿಂಗಿನಿಂದ ವೋಲ್ಟೇಜ್ ಇಳಿಸುವ) ಅಡಾಪ್ಟರಿನಿಂದಲೂ, ಬದಿಯಡ್ಕದ ರೇಡಿಯೋ ರಿಪೇರಿಯವರಲ್ಲಿ ಮಾಡಿಸಿಕೊಂಡ ಟ್ರಾನ್ಸ್‌ಫಾರ್ಮರ್ ಸಪ್ಲೈಯಿಂದಲೂ, ಯುಪಿಎಸ್‌ಗೆ ಹಾಕುವಂಥ ಬ್ಯಾಟರಿಯಿಂದಲೂ ಕೊಟ್ಟು ಕೇಳಿದ್ದೇನೆ.

ಅಡಾಪ್ಟರಿನ ದೋಷ ಚೆಂಡೆಮದ್ದಳೆಯ ನಡುವೆ ತಿಳಿಯುವುದೇ ಇಲ್ಲ. ಪದ್ಯ ಮುಗಿದು, ಪಾತ್ರದ ಮಾತಾಡುವ ಅರ್ಥಧಾರಿ ಮಾತು ಎತ್ತುವ ಮೊದಲಿನ ಬಿಡುವಿನಲ್ಲಿ, ಟೇಪಿನ ಸಹಜ ಹಿಸ್ಸಿನ ಮೇಲೆ, ಜೀರುಂಡೆಯಂಥ ಸಣ್ಣ ಕೀರಲು ದನಿ ಎದ್ದು ಕೇಳುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಎಂಬ ಸದ್ದೂ ಸೇರಿಕೊಳ್ಳುತ್ತದೆ; ಚಾರ್ಜರ್ ತೆಗೆದರೆ ಗುಂಯ್ ನಿಲ್ಲುತ್ತದೆ, ಕೀರಲು ಉಳಿಯುತ್ತದೆ. ಬೆರಳಿನ ಹಿಂಬದಿಯನ್ನು ಪ್ಲೇಯರಿನ ಲೋಹದ ಕವಚಕ್ಕೆ ಹಗುರಾಗಿ ಸವರಿದರೆ ಜುಮುಗುಟ್ಟುತ್ತದೆ.

ಇಂಥ ಅಡಾಪ್ಟರು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಸ್ವಿಚ್ ಆಗುವುದು ಕಿವಿಗೆ ನಿಲುಕದಿದ್ದರೂ, ಲೋಡು ಕಡಿಮೆಯಿದ್ದಾಗ ಆ ಸ್ವಿಚಿಂಗ್ ಬಿಟ್ಟುಬಿಟ್ಟು ನಡೆಯುವುದರಿಂದ ಗದ್ದಲವು ಕೇಳುವ ಮಟ್ಟಕ್ಕೆ ಇಳಿಯಬಹುದು. ಆ ಗದ್ದಲವನ್ನು ತಗ್ಗಿಸಲೆಂದೇ ಮೈನ್ಸ್ ಬದಿಗೂ 12 ವೋಲ್ಟ್ ಬದಿಗೂ ನಡುವೆ ಇಟ್ಟಿರುವ ವೈ ಕೆಪಾಸಿಟರಿನಿಂದ ಅತ್ಯಲ್ಪ ಕರೆಂಟು ಸೋರುತ್ತದೆ; ಕವಚ ಜುಮುಗುಟ್ಟುವುದು ಇದರಿಂದಲೇ. ಎರಡು ಪಿನ್ನಿನ ಅಡಾಪ್ಟರಿಗೆ ಅರ್ತಿಂಗ್ ಇಲ್ಲದ ಕಾರಣ, ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿರುವಾಗ ಆ ಕರೆಂಟು ಆಡಿಯೋ ಕೇಬಲ್ಲಿನ ಹೊರಹೆಣಿಗೆಯ ಮೂಲಕ ಚಾರ್ಜರಿನ ಅರ್ತಿಂಗ್ ಸೇರುತ್ತದೆ; ಗುಂಯ್ ಬರುವುದು ಹೀಗೆ. ಟೇಪನ್ನು ಓದುವ ಹೆಡ್ಡಿನಿಂದ ಬರುವ ಸಿಗ್ನಲ್ಲು ಒಂದು ಮಿಲಿವೋಲ್ಟಿಗಿಂತಲೂ ಕಡಿಮೆಯಿರುವಾಗ, ಇಷ್ಟು ಕಲಬೆರಕೆಯೂ ಅದಕ್ಕೆ ಹೆಚ್ಚೇ.

ಟ್ರಾನ್ಸ್‌ಫಾರ್ಮರಿನಲ್ಲಿ ಸೋರಿಕೆ ಬಹಳ ಕಡಿಮೆ. ಮನೆಯ ಕರೆಂಟಿನ 50 ಹರ್ಟ್ಸ್ ಎಸಿ ಡಿಸಿಗೆ ತಿರುಗಿದಾಗ (ರೆಕ್ಟಿಫೈ ಆದಾಗ) ಉಳಿಯುವ 100 ಹರ್ಟ್ಸಿನ ಏರಿಳಿತವನ್ನು ದೊಡ್ಡ ಕೆಪಾಸಿಟರೂ 12 ವೋಲ್ಟನ್ನು ಸ್ಥಿರವಾಗಿಡುವ 7812 ರೆಗ್ಯುಲೇಟರ್ ಚಿಪ್ಪೂ ಅಡಗಿಸುತ್ತವೆ. ಟ್ರಾನ್ಸ್‌ಫಾರ್ಮರನ್ನು ಪ್ಲೇಯರಿಗೆ ತಾಗಿಸಿಟ್ಟರೆ ಅದರ ಕಾಂತಕ್ಷೇತ್ರವನ್ನು ಹೆಡ್ಡು ಹಿಡಿದುಕೊಂಡು ಗುಂಯ್ ಎಂಬ ಸದ್ದು ಬರುತ್ತದೆ. ಒಂದು ಮೊಳ ಸರಿಸಿ ಕಾಲುಸುತ್ತು ತಿರುಗಿಸಿದಾಗ ನನ್ನಲ್ಲಿ ಆ ಸದ್ದು ಹೋಯಿತು. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನಡೆಯುವಾಗ ಟ್ರಾನ್ಸ್‌ಫಾರ್ಮರೇ ಗುರುಗುಟ್ಟುವುದರಿಂದ ರೆಕಾರ್ಡಿಂಗ್ ನಿಲ್ಲಿಸುತ್ತೇನೆ.

ಎಲ್ಲಕ್ಕಿಂತ ನಿಶ್ಶಬ್ದವಾದುದು ಬ್ಯಾಟರಿ, ನಿಜ. ಆದರೆ ನಾನು ಈ ಕೆಲಸಕ್ಕೆ ಕೂರುವುದು ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ದೀಪಾವಳಿಯವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಚಾರ್ಜ್ ಮಾಡದೆ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ ಕೆಡುತ್ತದೆ, ಮತ್ತೆ ಮತ್ತೆ ಕೊಳ್ಳುವುದು ನನ್ನ ಕೈಗೆ ಎಟುಕುವ ಖರ್ಚಲ್ಲ. ಟ್ರಾನ್ಸ್‌ಫಾರ್ಮರ್ ಸಪ್ಲೈಗೆ ಅಡಾಪ್ಟರಿನ ಕೆಲವು ಪಟ್ಟು ಹಣ ಹೋದರೂ ಅದು ಒಂದೇ ಬಾರಿಯ ಖರ್ಚು. ಮನೆಯಲ್ಲಿ ನಾಲ್ಕೈದೇ ಕ್ಯಾಸೆಟ್ಟು ಇರುವವರು ಇರುವ ಅಡಾಪ್ಟರನ್ನೇ ಬಳಸಿ, ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ರೆಕಾರ್ಡ್ ಮಾಡಿದರೆ ಸಾಕು.